ಕೈಗೆಟುಕದ ಕಾಯಿಲ್

ರಿಪೇರಿಗೆ ಬಂದಿದ್ದ ಆ ಕಾರಿನ ಕೆಟ್ಟುಹೋದ ಇಗ್ನಿಷನ್ ಕಾಯಿಲ್ ಇದ್ದದ್ದು ಎಂಜಿನ್ನಿನ ಹಿಂಬದಿಯ ಇಕ್ಕಟ್ಟಿನಲ್ಲಿ. ಗ್ಯಾರೇಜಿನ ಯಜಮಾನ ಬಸವಂತಪ್ಪ ಎರಡು ದಿನ ಕೈ ತೂರಿಸಿ ತರಚಿಕೊಂಡದ್ದೇ ಬಂತು. ಮೆಕ್ಯಾನಿಕ್ ನಸೀಮಾಳ ಸಪೂರ ಕೈ ಕಂಡಾಗಲೆಲ್ಲ "ಶಾವಿಗೆ ಹೊಸೆಯೋಕೆ ಲಾಯಕ್ಕು" ಎಂದು ಆಡಿಕೊಳ್ಳುತ್ತಿದ್ದವನು ಕೊನೆಗೆ ಅವಳನ್ನೇ ಕರೆದ. ಅವಳು ಅರ್ಧ ಗಂಟೆಯಲ್ಲಿ ಹೊಸ ಕಾಯಿಲ್ ಕೂರಿಸಿದಳು.

ಕಾರಿನವರು ಬಂದು ಎಂಜಿನ್ನಿನ ಸದ್ದು ಕೇಳಿ ಹಿಗ್ಗಿದರು. "ಮೂರು ಗ್ಯಾರೇಜಿನವರು ಆಗಲ್ಲ ಅಂದಿದ್ರು. ಯಾರು ಮಾಡಿದ್ದು?"

"ಇನ್ಯಾರು ಸಾರ್? ಇದೇ ಕೈ," ಎಂದು ಬಸವಂತಪ್ಪ ಎದೆಯುಬ್ಬಿಸಿದ. "ಇಂಥ ಕೆಲಸ ಬೇರೆ ಯಾರಿಗೂ ಮುಟ್ಟೋಕೆ ಬಿಡಲ್ಲ."

"ಬಹಳ ಸಂತೋಷ. ನನ್ನ ತಮ್ಮನದೂ ಇದೇ ಕಾರು, ಇದೇ ತೊಂದರೆ. ಹೊರಗೆ ನಿಂತಿದೆ. ಈಗಲೇ ಮಾಡಿಕೊಡಿ, ನಾವು ಪಕ್ಕದಲ್ಲೇ ನಿಂತು ನೋಡ್ತೀವಿ."

ಬಸವಂತಪ್ಪ ಮೆಲ್ಲಗೆ ನಸೀಮಾಳತ್ತ ತಿರುಗಿದ.

ಅವಳು ಆಗಲೇ ಕೈ ತೊಳೆದಿದ್ದಳು. "ನೀವು ಶುರು ಮಾಡಿ ಯಜಮಾನ್ರೇ, ನಾನು ಊಟ ಮುಗಿಸಿ ಬರ್ತೀನಿ."