ಮರಳಿನೊಳಗಿನ ಕಪ್ಪು ಗೆರೆ

ಮಣ್ಣು ಪರೀಕ್ಷೆಗೆ ಬಂದವನು ಹೊಳೆದಂಡೆಯ ಮರಳು ಹೊಲದಲ್ಲಿ ಎದೆಮಟ್ಟದ ಉದ್ದನೆಯ ಗುಂಡಿ ತೋಡಿಸಿದ್ದ. ಗಂಡನ ಹೆಸರಿನ ವರ್ಷದ ಎಡೆಯನ್ನು ಹೊಳೆಗೆ ಬಿಡಲು ಮೈದುನನ ಜೊತೆ ಹೊರಟಿದ್ದ ನೀಲವ್ವ ಅಂಚಿಗೆ ನಿಂತು ಇಣುಕಿದಳು. ಬಿಳಿ ಮರಳಿನ ನಡುವೆ ಒಂದು ಕಪ್ಪು ಗೆರೆ ಹಾದಿತ್ತು.

"ಇದೇನ್ ತಮ್ಮಾ?"

"ಹತ್ತು ವರ್ಷದ ಹಿಂದಿನ ಮಹಾಪೂರ ಬಿಟ್ಟುಹೋದ ಗೋಡುಮಣ್ಣು, ಅವ್ವಾರ."

"ನಮ್ಮವರನ್ನ ಒಯ್ದ ನೀರು."

"ನನ್ನ ಕಣ್ಮುಂದನ ಹ್ವಾದ, ವೈನಿ. ಹೆಣಾನೂ ಸಿಗಲಿಲ್ಲ," ಎಂದು ಮೈದುನ ಪ್ರತಿ ವರ್ಷದಂತೆ ಕಣ್ಣೊರೆಸಿಕೊಂಡ.

ಪರೀಕ್ಷೆಯವನು ಗೆರೆಯ ಗುಂಟ ಬೆರಳಾಡಿಸುತ್ತ ಹೋಗಿ ಒಂದು ಕಡೆ ನಿಂತ. "ಇಲ್ಲಿ ಆಳುದ್ದ ಗೆರಿ ಹರದೈತ್ರಿ. ನೀರು ಇಳಿದ ಮ್ಯಾಲೆ ಯಾರೋ ತೋಡಿ ಮುಚ್ಯಾರ."

ಸಡಿಲ ಮರಳು ಗುಂಡಿಯೊಳಗೆ ಸಣ್ಣಗೆ ಸುರಿಯುತ್ತಿತ್ತು.

ನೀಲವ್ವ ಎಡೆಯ ಎಲೆಯನ್ನು ಮೈದುನನ ಕೈಗಿತ್ತಳು.

"ಈ ಸಲ ನೀನ ಇಡು. ಜಾಗಾ ನಿನಗ ಗೊತ್ತೈತಿ."