ಹತ್ತದ ಕೆಂಪು ದೀಪ

ಸ್ಪೀಕರಿನಲ್ಲಿ ಸ್ವರ ಮೂರನೇ ಸಲವೂ ಒಂದು ಕ್ಷಣ ಒಡೆದು ಕರಕರ ಎಂದಿತು. ಮೇಜಿನ ಮೇಲಿದ್ದ ಸರ್ಕ್ಯೂಟ್ ಬೋರ್ಡಿನ ಕೆಂಪು ದೀಪ ಮಾತ್ರ ಹತ್ತಲಿಲ್ಲ. ಸದ್ದು ಮಿತಿ ಮೀರಿ ಅದರ ತುದಿ ಕತ್ತರಿಸಿಹೋದಾಗ ಎಚ್ಚರಿಸುವುದೊಂದೇ ಆ ದೀಪದ ಕೆಲಸ. ಆಡಿಯೋ ಚಿಪ್ಪಿನೊಳಗೆ ಅದಕ್ಕೆ ಬೇಕಾದ ಸರ್ಕ್ಯೂಟು ಮಾಡಲು ಎಂಟು ತಿಂಗಳು ಜೀವ ತೇಯ್ದವಳು ಕುರ್ಚಿಯಲ್ಲಿ ಕೂರಲಾರದೆ ಮೇಜಿನ ಸುತ್ತ ಸುತ್ತುತ್ತಿದ್ದಳು.

"ನನ್ನ ಮೇಜಿನ ಮೇಲೆ ಹತ್ತುತ್ತೆ ಸರ್. ಇಲ್ಲೇ ಏನೋ ಎಡವಟ್ಟಾಗಿದೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದರು ಹಿರಿಯ ಎಂಜಿನಿಯರು, ಲ್ಯಾಪ್‌ಟಾಪಿನಿಂದ ಕಣ್ಣು ಕೀಳದೆ. "ಇದು ಸೆಕೆಂಡಿಗೆ ನೂರು ಸಲ ನಿನ್ನ ಚಿಪ್ಪನ್ನ ಓದ್ತಿದೆ. ನಾನು ನೋಡ್ತಾನೇ ಕೂತಿದೀನಿ, ಸೊನ್ನೆ ಬಿಟ್ಟು ಬೇರೇನೂ ಕಾಣ್ಲಿಲ್ಲ. ಈ ಸರ್ಕ್ಯೂಟು ಬೇಡಮ್ಮ, ತೆಗೆದುಹಾಕೋಣ." ಪೆನ್ನಿನ ಮುಚ್ಚಳ ತೆಗೆದು, ಸಹಿ ಹಾಕಬೇಕಾದ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಸುತ್ತುತ್ತಿದ್ದವಳು ನಿಂತುಬಿಟ್ಟಳು. "ನೂರು ಸಲಾನಾ?"

ಸದ್ದು ಕತ್ತರಿಸಿಹೋದಾಗ ಚಿಪ್ಪು ಒಳಗೊಂದು ಗುರುತು ಹಾಕಿಕೊಳ್ಳುತ್ತದೆ. ಯಾರಾದರೂ ಒಮ್ಮೆ ಓದಿದರೆ ಸಾಕು, ಅದು ಅಳಿದುಹೋಗುತ್ತದೆ. ಹಾಗಿರಲಿ ಎಂದು ಮಾಡಿದವಳೂ ಅವಳೇ. ದೀಪ ಹತ್ತಬೇಕಾದರೂ ಬೋರ್ಡು ಆ ಗುರುತನ್ನೇ ಓದಬೇಕು; ಅದರ ಸರದಿ ಬರುವಷ್ಟರಲ್ಲಿ ಲ್ಯಾಪ್‌ಟಾಪು ಓದಿ ಅಳಿಸಿ ಮುಗಿಸಿರುತ್ತಿತ್ತು. ಪರದೆಯ ಮೇಲೆ ಅದು ಮಿಂಚಿ ಮಾಯವಾಗುವುದು ಯಾರ ಕಣ್ಣಿಗೂ ಸಿಗುವಂತಿರಲಿಲ್ಲ.

ಅವಳು ಬಗ್ಗಿ ಲ್ಯಾಪ್‌ಟಾಪಿನ ಕೇಬಲ್ಲನ್ನು ಬೋರ್ಡಿನಿಂದ ಕಿತ್ತಳು.

"ಏಯ್, ಏನ್ಮಾಡ್ತಿದೀಯ? ನಾನು ನೋಡೋದು ಹೇಗೆ?"

ಅವಳು ಸ್ವರ ನುಡಿಸುವ ಗುಂಡಿ ಒತ್ತಿದಳು. ಸ್ವರ ಒಡೆಯಿತು. ಕೆಂಪು ದೀಪ ಹತ್ತಿತು, ಹತ್ತಿಕೊಂಡೇ ಇತ್ತು.

ಅವರು ಪೆನ್ನಿನ ಮುಚ್ಚಳಕ್ಕಾಗಿ ಮೇಜೆಲ್ಲ ತಡಕಾಡಿದರು. ಅದು ಅವರ ಎಡಗೈಯಲ್ಲೇ ಇತ್ತು.

"ನೆಲ ಸ್ವಲ್ಪ ಡೊಂಕೇ ಇತ್ತು ಸರ್," ಎಂದು ಅವಳು ಮೊದಲ ಸಲ ಕುರ್ಚಿಯಲ್ಲಿ ಕೂತಳು.