ಇನ್ನೂ ಸ್ಪಷ್ಟವಾದದ್ದು ಇದೆಯಾ?

ಮೂರನೆಯ ಏಟಿಗೆ ಔಷಧಿ ಅಂಗಡಿಯವನ ಬೆರಳುಗಳು ಮುರಿದವು. ನಾಲ್ಕನೆಯದಕ್ಕೆ ತಲೆ ಒಡೆಯಿತು. ಸೇಲ್ಸ್‌ಮನ್ ಗಾಬರಿಬಿದ್ದು ರಿಮೋಟ್ ಒತ್ತಿ ಚಿತ್ರ ನಿಲ್ಲಿಸಿದ.

"ಯಾಕೆ ನಿಲ್ಲಿಸ್ದೆ? ಮೊದಲಿಂದ ಹಾಕಪ್ಪ," ಎಂದಳು ಹೆಂಗಸು.

ಹನ್ನೆರಡು ವರ್ಷದಿಂದ ಅವನು ಇದೇ ಅಂಗಡಿಯಲ್ಲಿ ಟಿವಿ ಮಾರುತ್ತಿದ್ದ. ಬಣ್ಣ ತೋರಿಸಲು ಅವನ ಬಳಿ ಒಂದು ಡಿಸ್ಕ್ ಇತ್ತು: ಗಿಳಿಗಳು, ಜಲಪಾತ, ಹೂವಿನ ತೋಟ. ಗಿಳಿಯ ರೆಕ್ಕೆ ನೋಡಿ ಸೋಲದ ಗಿರಾಕಿ ಇಲ್ಲ ಎಂದು ಅವನೇ ಕೊಚ್ಚಿಕೊಳ್ಳುತ್ತಿದ್ದ. ಈ ಹೆಂಗಸು ಗಿಳಿಯ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲು ತೆರೆಯುವ ಮೊದಲೇ ಬಂದು ನಿಂತಿದ್ದಳು. ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವ ಟಿವಿ ಬೇಕು, ಚಿತ್ರವನ್ನು ಒಂದೊಂದಾಗಿ ನಿಲ್ಲಿಸುವ ಪ್ಲೇಯರ್ ಬೇಕು, ತನ್ನ ಡಿಸ್ಕನ್ನೇ ಹಾಕಿ ತೋರಿಸಬೇಕು ಎಂದಳು. ಮದುವೆಯ ವಿಡಿಯೋ ಇರಬೇಕು ಅಂದುಕೊಂಡು ಅವನು ನಗುನಗುತ್ತ ಡಿಸ್ಕ್ ಹಾಕಿದ್ದ.

"ಅಮ್ಮಾ, ಇದು... ಮೊನ್ನೆ ಪೇಪರಲ್ಲಿ ಬಂದಿತ್ತಲ್ಲ, ಆ ಕೊಲೆ ಅಲ್ವಾ?"

"ಹೌದು. ಎದುರುಗಡೆ ಬ್ಯಾಂಕಿನ ಹೊಸ ಕ್ಯಾಮೆರಾದಲ್ಲಿ ಬಿದ್ದಿದ್ದು. ಯಾರಾದ್ರೂ ಗುರುತು ಹಿಡೀತಾರೇನೋ ಅಂತ ಪೊಲೀಸರು ಬೀದಿಯವರಿಗೆಲ್ಲ ಕೊಟ್ಟಿದ್ದಾರೆ. ನಮ್ಮನೆ ಡಬ್ಬಾ ಟಿವಿಗೆ ಈ ಡಿಸ್ಕ್ ಓಡಿಸೋ ಯೋಗ್ಯತೆ ಇಲ್ಲ."

ಅವಳ ಎಡಗಣ್ಣಿನ ಕೆಳಗೆ ಹಳದಿಗೆ ತಿರುಗಿದ ಪೆಟ್ಟಿನ ಕಲೆ ಇತ್ತು. ಅವನು ಅದನ್ನು ನೋಡಿದ್ದು ತಿಳಿದು ಅವಳು ಶಾಲನ್ನು ಮುಂದಕ್ಕೆ ಎಳೆದುಕೊಂಡಳು. ಸತ್ತವನ ತಾಯಿಯೇ ಇರಬೇಕು, ಸುದ್ದಿ ಕೇಳಿ ಎಲ್ಲೋ ಕುಸಿದು ಬಿದ್ದಿದ್ದಾಳೆ, ಪಾಪ ಎಂದು ಅವನಿಗೆ ಕರುಳು ಚುರ್ ಎಂದಿತು.

ಎರಡನೆಯ ಟಿವಿಗೆ ತಂತಿ ಜೋಡಿಸಿದ. ಬೆಳಗಿನ ಬೀದಿ, ಅರ್ಧ ಎತ್ತಿದ ಶಟರ್. ಟೋಪಿ ಹಾಕಿ ಮುಖಕ್ಕೆ ಬಟ್ಟೆ ಸುತ್ತಿಕೊಂಡವನೊಬ್ಬ ಹಿಂದಿನಿಂದ ಬರುತ್ತಾನೆ. ಕೈಯಲ್ಲಿ ಕಬ್ಬಿಣದ ಸರಳು. ಮೊದಲ ಏಟು ಭುಜಕ್ಕೆ. ಔಷಧಿ ಅಂಗಡಿಯವನು ಶಟರಿನ ಅಡಿ ತೆವಳಿ ಒಳಗೆ ಹೋಗಲು ನೋಡುತ್ತಾನೆ. ಸರಳಿನವನು ಅವನ ಕಾಲು ಹಿಡಿದು ಹೊರಗೆ ಎಳೆಯುತ್ತಾನೆ. ಮೊದಲ ಟಿವಿಯಲ್ಲಿ ಕಪ್ಪು ಕಲೆಯಾಗಿ ಕಂಡದ್ದು ಇಲ್ಲಿ ರಕ್ತವಾಗಿ ಕಂಡಿತು. ನೆಲದ ಮೇಲೆ ಬಿದ್ದ ಹಲ್ಲು ಕೂಡ ಕಂಡಿತು.

ಸೇಲ್ಸ್‌ಮನ್ ಮುಖ ತಿರುಗಿಸಿದ. ಅವಳು ಕಣ್ಣು ಮಿಟುಕಿಸಲಿಲ್ಲ.

"ಇನ್ನೂ ಸ್ಪಷ್ಟವಾದದ್ದು ಇದೆಯಾ?"

"ಇದೆ ಅಮ್ಮ. ಆದ್ರೆ ಮುಖಕ್ಕೆ ಬಟ್ಟೆ ಕಟ್ಟಿದಾನೆ. ಯಾವ ಟಿವಿ ತಂದ್ರೂ ಬಟ್ಟೆ ಹಿಂದಿನ ಮುಖ ಕಾಣಲ್ಲ."

"ಮುಖ ಯಾರಿಗೆ ಬೇಕು? ನನಗೆ ಅಂಗಿ ತೋರಿಸು. ಆ ಬೀದೀಲಿ ಅರ್ಧ ಜನಕ್ಕೆ ಬಟ್ಟೆ ಹೊಲಿದುಕೊಡೋಳು ನಾನೇ."

ಅವನ ಮೈ ಜುಮ್ಮೆಂದಿತು. ಪೊಲೀಸರ ತಲೆಗೆ ಹೊಳೆಯದ್ದು ಈ ದರ್ಜಿ ಹೆಂಗಸಿಗೆ ಹೊಳೆದಿತ್ತು. ಮಾರಾಟದ ಮಾತು ಮರೆತೇಹೋಯಿತು. ಗೋಡೆಯ ಮೇಲಿದ್ದ ಅತಿ ದೊಡ್ಡ ಟಿವಿಗೆ, ಯಾರೂ ಮುಟ್ಟದಂತೆ ಗಾಜಿನ ಕಪಾಟಿನಲ್ಲಿಟ್ಟಿದ್ದ ಪ್ಲೇಯರನ್ನು ತಂದು ಜೋಡಿಸಿದ.

"ಮಗನಿಗೆ ಎಷ್ಟು ವಯಸ್ಸು ಅಮ್ಮ?" ಎಂದು ಮೆಲ್ಲಗೆ ಕೇಳಿದ.

"ಇಪ್ಪತ್ತೆಂಟು."

"ಒಬ್ಬನೇನಾ?"

"ಒಬ್ಬನೇ. ಅವತ್ತು ಬೆಳಗ್ಗೆ ನಾನೇ ಎಬ್ಬಿಸಿ ಕಳಿಸಿದ್ದೆ."

ಅವನು ರಿಮೋಟ್ ಕೈಗೆತ್ತಿಕೊಂಡ. ಹಲ್ಲು ಕಚ್ಚಿಕೊಂಡು ಒಂದೊಂದೇ ಚಿತ್ರ ಸರಿಸಿದ. ಸರಳು ಮೇಲೇಳುತ್ತದೆ. ಮುರಿದ ಬೆರಳುಗಳು ತಲೆಯನ್ನು ಮುಚ್ಚಿಕೊಳ್ಳುತ್ತವೆ. ಸರಳು ಇಳಿಯುತ್ತದೆ. ಮತ್ತೆ ಮೇಲೇಳುತ್ತದೆ. ಬಿದ್ದವನು ಅಲುಗಾಡುವುದು ನಿಂತ ಮೇಲೂ ಆರು ಏಟು. ಎಣಿಸಬಾರದು ಎಂದುಕೊಂಡರೂ ಅವನು ಎಣಿಸಿದ.

"ನಿಲ್ಲಿಸು. ತೋಳು ದೊಡ್ಡದು ಮಾಡು."

ಎತ್ತಿದ ಬಲತೋಳು ಪರದೆಯ ತುಂಬ ಬಂತು. ನೀಲಿ ಬಟ್ಟೆಯ ನೇಯ್ಗೆ ಕಂಡಿತು. ಭುಜದ ಹತ್ತಿರ ಹರಿದಿದ್ದನ್ನು ಕೂಡಿಸಿ ಹೊಲಿದ ಗೆರೆ ಕಂಡಿತು. ಅದರ ತುದಿಯಲ್ಲಿ ನಾಲ್ಕೇ ನಾಲ್ಕು ಹೊಲಿಗೆ ಹಸಿರು.

ಅವಳು ಎದ್ದು ಹೋಗಿ ಪರದೆಯ ಮೇಲೆ ಬೆರಳಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

"ನೀಲಿ ನೂಲು ಮುಗಿದುಹೋಗಿತ್ತು. ಯಾರು ನೋಡ್ತಾರೆ ಅಂತ ಹಸಿರು ಹಾಕಿದ್ದೆ."

"ಹಾಗಾದ್ರೆ ಸಿಕ್ಕಿಬಿದ್ದ!" ಸೇಲ್ಸ್‌ಮನ್ ಕೂಗಿಯೇಬಿಟ್ಟ. "ನಿಮ್ಮ ಗಿರಾಕೀನೇ! ಯಾರಂತ ಗೊತ್ತಾಯ್ತಾ ಅಮ್ಮ?"

"ಗೊತ್ತಾಯ್ತು. ಪೊಲೀಸರಿಗೆ ಫೋನ್ ಹಚ್ಚಿಕೊಡ್ತೀಯಾ?"

ಅವನು ಫೋನ್ ಹಚ್ಚಿ ಅವಳ ಕಿವಿಗೆ ಹಿಡಿದ. ಅವಳ ದನಿ ನಡುಗಲಿಲ್ಲ. ಬೀದಿ ಹೇಳಿದಳು, ಮನೆ ಹೇಳಿದಳು, ಅಂಗಿ ಎಲ್ಲಿದೆ ಎಂದೂ ಹೇಳಿದಳು.

"ಈಗ ಮಲಗಿದ್ದಾನೆ. ಹೊರಗಿಂದ ಚಿಲಕ ಹಾಕ್ಕೊಂಡು ಬಂದಿದ್ದೀನಿ. ಬೇಗ ಬನ್ನಿ, ಎದ್ದರೆ ಬಾಗಿಲು ಒಡೀತಾನೆ."

ಕೊಲೆಗಾರನನ್ನು ಒಬ್ಬಳೇ ಕೂಡಿಹಾಕಿ ಬಂದಿದ್ದಾಳೆ! ಸೇಲ್ಸ್‌ಮನ್ ಬೆರಗಾಗಿ ಅವಳನ್ನೇ ನೋಡಿದ. ಮಗನನ್ನು ಕಳೆದುಕೊಂಡ ತಾಯಿಗೆ ಇಷ್ಟು ಧೈರ್ಯ ಎಲ್ಲಿಂದ ಬರುತ್ತದೆ?

ಆ ಕಡೆಯಿಂದ ಏನೋ ಕೇಳಿದರು.

"ನಾನಾ? ಸತ್ತವರಿಗೆ ನಾನು ಏನೂ ಆಗಬೇಕಿಲ್ಲ ಸಾರ್. ಹೊಡೆದವನ ತಾಯಿ ಅಂತ ಬರ್ಕೊಳ್ಳಿ."